ಕಡಲ ಪ್ರಯಾಣದಲ್ಲಿ ಪ್ರಾಣವಾಯು

ದೂರ ಪ್ರಯಾಣಕ್ಕೆ ಹೊರಟವರು ಬುತ್ತಿಯನ್ನು ಕಟ್ಟಿಕೊಳ್ಳುತ್ತಾರೆ, ನೀರನ್ನು ತುಂಬಿಕೊಳ್ಳುತ್ತಾರೆ. ಗಾಳಿಯನ್ನು ಮಾತ್ರ ಯಾರೂ ಗಂಟು ಕಟ್ಟಿಕೊಳ್ಳುವುದಿಲ್ಲ. ಆದರೆ ಒಲೆಯ ಹೊಗೆಯಿಂದಲೋ ಬೀಡಿಯ ಹೊಗೆಯಿಂದಲೋ ಪುಪ್ಪುಸಗಳು ಕೆಟ್ಟವರ ಸ್ಥಿತಿ ಬೇರೆ. ಅವರಲ್ಲಿ ಕೆಲವರು ವೈದ್ಯರ ಸಲಹೆಯಂತೆ ದಿನವೂ ಹಲವು ತಾಸು ಮೂಗಿನ ನಳಿಕೆಯಿಂದ ಹೆಚ್ಚಿನ ಆಮ್ಲಜನಕವನ್ನು ಸೇವಿಸಬೇಕಾಗುತ್ತದೆ. ಅಂಥವರು ಪಡಸಾಲೆಯನ್ನು ಬಿಟ್ಟು ಕದಲಬಾರದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಣ್ಣಿಗೇರಿಯ ಅಜ್ಜಿಯೊಬ್ಬಳು ಮೊಮ್ಮಕ್ಕಳೊಡನೆ ಗೋವೆಯ ಮುರಗಾಂವ ಬಂದರಿನಲ್ಲಿ ಹಡಗನ್ನೇರಿ ಎರಡು ದಿನ ಕಡಲಿನಲ್ಲಿ ವಿಹರಿಸಲು ಬಯಸಿದಳೆಂದಿಟ್ಟುಕೊಳ್ಳೋಣ. ಇದು ಸಾಧ್ಯವೆ?

ಮೊದಲು ಗಾಳಿಯನ್ನು ವಿಚಾರಿಸೋಣ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡಾ 21ರಷ್ಟೇ. ಆದರೆ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ ಅದು ಪಾದರಸದ 760 ಮಿಲಿಮೀಟರು; ಅದರಲ್ಲಿ ಆಮ್ಲಜನಕದ ಪಾಲು ಸುಮಾರು 160. ಸುಮಾರು 650 ಮೀಟರು ಎತ್ತರದ ಹುಬ್ಬಳ್ಳಿಯ ಸುತ್ತ ಈ ಪಾಲು 147ರಷ್ಟಾಗುತ್ತದೆ. ವಿಮಾನದ ಒಳಗಿನ ಒತ್ತಡವಾದರೋ ಸುಮಾರು 2400 ಮೀಟರು ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಆಗ ಆಮ್ಲಜನಕದ ಪಾಲು 118ರ ಆಸುಪಾಸು. ಆದುದರಿಂದ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ರೈಲಿನಲ್ಲಿ ಘಟ್ಟವನ್ನಿಳಿದು ಕಡಲನ್ನು ಸೇರುವ ರೋಗಿಗೆ ನಿಸರ್ಗವೇ ತುಸು ನೆರವಾಗುತ್ತದೆ. ಉಸಿರಿನ ದೃಷ್ಟಿಯಿಂದ ಹಡಗು ವಿಮಾನಕ್ಕಿಂತ ಸೌಮ್ಯವಾದ ವಾಹನ.

ಇನ್ನು ಉಳಿಯುವುದು ಸಂಗ್ರಹದ ಪ್ರಶ್ನೆ. ಹತ್ತು ಲೀಟರು ನೀರು ಹಿಡಿಯುವ ಉಕ್ಕಿನ ಸಿಲಿಂಡರಿನಲ್ಲಿ 150 ವಾಯುಮಾನದ ಒತ್ತಡದಲ್ಲಿ ಆಮ್ಲಜನಕವನ್ನು ತುಂಬಿದೆಯೆನ್ನೋಣ. 1662ರಲ್ಲಿ ರಾಬರ್ಟ್ ಬಾಯ್ಲನು ಪ್ರಕಟಿಸಿದ ನಿಯಮದಂತೆ ಅದು ಹೊರಬಂದಾಗ ಸುಮಾರು 1500 ಲೀಟರು ಆಗುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಬಳಸಿದರೆ 750 ನಿಮಿಷ, ಎಂದರೆ ಹನ್ನೆರಡೂವರೆ ತಾಸು. ಮಾಪಕದ ಮುಳ್ಳು 75ಕ್ಕೆ ಇಳಿದರೆ ಅರ್ಧ ಖರ್ಚಾಯಿತೆಂದೇ ಅರ್ಥ. ತರಗತಿಯಲ್ಲಿ ಉರು ಹೊಡೆದ ಸೂತ್ರ ಇಲ್ಲಿ ಒಂದು ಜೀವವನ್ನು ಕಾಯುತ್ತದೆ. ಆದರೆ 48 ತಾಸಿಗೆ 5760 ಲೀಟರು, ಅಂದರೆ ಇಂಥ ನಾಲ್ಕು ಸಿಲಿಂಡರುಗಳು ಬೇಕು. ಈ ಭಾರವನ್ನು ಹೊರುವವರಾರು?

ಇದಕ್ಕೆ ಪರಿಹಾರವೇ ಆಮ್ಲಜನಕ ಸಾಂದ್ರಕ ಯಂತ್ರ. ಇದು ಗಾಳಿಯನ್ನು ಒತ್ತಿ ಜಿಯೊಲೈಟ್ ಎಂಬ ಖನಿಜದ ಕಾಳುಗಳ ನಡುವೆ ಹಾಯಿಸುತ್ತದೆ. ಸಾರಜನಕದ ಅಣುಗಳು ಆ ಕಾಳುಗಳ ಸೂಕ್ಷ್ಮ ರಂಧ್ರಗಳಲ್ಲಿ ಹೆಚ್ಚಾಗಿ ಅಂಟಿಕೊಳ್ಳುತ್ತವೆ; ಆಮ್ಲಜನಕ ಮುಂದೆ ಸಾಗುತ್ತದೆ. ಒತ್ತಡವನ್ನು ತಗ್ಗಿಸಿದೊಡನೆ ಸಾರಜನಕ ಬಿಟ್ಟುಹೋಗಿ ಕಾಳುಗಳು ಮತ್ತೆ ಸಿದ್ಧವಾಗುತ್ತವೆ. ಎರಡು ಕೊಳವೆಗಳು ಸರದಿಯಂತೆ ದುಡಿಯುವುದರಿಂದ ಹರಿವು ನಿಲ್ಲದು. ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ ಎಂಬಾತನಿಗೆ ಈ ಬಗೆಯ ವಿಧಾನಕ್ಕಾಗಿ 1960ರಲ್ಲಿ ಪೇಟೆಂಟು ದೊರೆಯಿತು. ಹೊರಬರುವ ಅನಿಲದಲ್ಲಿ ಆಮ್ಲಜನಕ ಸುಮಾರು ಶೇಕಡಾ 93. ಉಳಿದುದರಲ್ಲಿ ಹೆಚ್ಚಿನ ಪಾಲು ಆರ್ಗಾನ್.

ಈ ಯಂತ್ರಕ್ಕೆ ಗಾಳಿಯ ಬರವಿಲ್ಲ, ವಿದ್ಯುತ್ತಿನ ಬರವುಂಟು. 350 ವ್ಯಾಟಿನ ಯಂತ್ರ ಎರಡು ದಿನಕ್ಕೆ ಸುಮಾರು 17 ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ಹಡಗಿಗೆ ಇದು ಅಲ್ಪ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಇದನ್ನು ನಂಬಿ ಕೂಡಲಾಗದು. ಅಲ್ಲಿಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರ ಅಥವಾ ಸಿಲಿಂಡರು ಬೇಕು. ಸಣ್ಣ ಯಂತ್ರಗಳಲ್ಲಿ ಹಲವು ಉಸಿರನ್ನು ಒಳಗೆಳೆದಾಗ ಮಾತ್ರ ಆಮ್ಲಜನಕ ಕೊಡುವುದರಿಂದ ಅವು ರೋಗಿಗೆ ಹೊಂದುವವೇ ಎಂಬುದನ್ನು ವೈದ್ಯರೇ ಪರೀಕ್ಷಿಸಬೇಕು. ಹರಿವನ್ನು ತಾವಾಗಿ ಹೆಚ್ಚಿಸುವುದೂ ಸಲ್ಲದು. ಕೆಲವರಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಕೂಡಿಕೊಂಡು ಅಪಾಯವಾಗುತ್ತದೆ.

ಮತ್ತೊಂದು ಎಚ್ಚರಿಕೆ ಹಳ್ಳಿಯವರಿಗೆ ವಿಶೇಷವಾಗಿ ಅಗತ್ಯ. ತಿರುಪು ಬಿಗಿಯಾದರೆ ನಾಲ್ಕು ಹನಿ ಕುಸುಬೆಣ್ಣೆ ಬಿಡುವುದು ನಮ್ಮ ವಾಡಿಕೆ. ಸಿಲಿಂಡರಿನ ತಿರುಪಿಗೆ ಎಂದಿಗೂ ಎಣ್ಣೆ ಹಚ್ಚಕೂಡದು. ಆಮ್ಲಜನಕ ತಾನು ಉರಿಯದು, ಆದರೆ ಉರಿಯುವುದನ್ನು ಉಗ್ರಗೊಳಿಸುತ್ತದೆ. ಅಧಿಕ ಒತ್ತಡದ ಆಮ್ಲಜನಕದಲ್ಲಿ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬೀಡಿ, ದೀಪಗಳೂ ದೂರವಿರಬೇಕು. ಹಡಗು ಓಲಾಡುವಾಗ ಉರುಳದಂತೆ ಸಿಲಿಂಡರನ್ನು ಬಿಗಿಯಾಗಿ ಕಟ್ಟಬೇಕು.

ವೈದ್ಯರ ಪತ್ರ, ರೈಲಿನವರ ಮತ್ತು ಹಡಗಿನವರ ಮುಂಗಡ ಒಪ್ಪಿಗೆ, ವಿದ್ಯುತ್ತು ನಿಂತರೆ ನೆರವಾಗುವ ತುಂಬಿದ ಸಿಲಿಂಡರು, ಪ್ರಯಾಣದ ಅವಧಿಗಿಂತ ಮೂರನೆಯ ಒಂದು ಪಾಲು ಹೆಚ್ಚಿನ ಸಂಗ್ರಹ—ಇಷ್ಟಿದ್ದು ವೈದ್ಯರ ಒಪ್ಪಿಗೆ ದೊರೆತರೆ ಅಜ್ಜಿ ಕಡಲನ್ನು ಕಾಣಬಹುದು. ಮನೆಯಲ್ಲಿ ಅಂಥ ಹಿರಿಯರಿರುವ ವಿದ್ಯಾರ್ಥಿಗಳು ಇಂದೇ ಮಾಪಕವನ್ನು ಓದಿ, ಇನ್ನೆಷ್ಟು ತಾಸಿನ ಉಸಿರು ಉಳಿದಿದೆಯೆಂದು ಲೆಕ್ಕ ಹಾಕಿ ನೋಡಲಿ.