ಬಂಗಾರಕ್ಕೆ ಮುದ್ರೆ ಐತಿ, ಮುತ್ತಿಗೆ ಏನೈತಿ?

ಕೊಪ್ಪಳ: ಲಗ್ನಸರಾಯಿ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಯ ಬಂಗಾರದ ಅಂಗಡಿಗಳ ಮುಂದೆ ಚಪ್ಪಲಿ ಬಿಡಲಿಕ್ಕೂ ಜಾಗ ಇರುವುದಿಲ್ಲ. ತಾಳಿ ಆಯಿತು, ಬೋರಮಾಳ ಆಯಿತು, ಇನ್ನು ಉಳಿದದ್ದು ಮುತ್ತಿನ ನತ್ತು, ಮುತ್ತಿನ ಬುಗುಡಿ, ಮುತ್ತಿನ ಸರ. ಬಂಗಾರ ಕೊಳ್ಳುವಾಗ ನಮ್ಮ ಜನ ಭಾರೀ ಹುಷಾರು. ರೇಟು ಕೇಳುತ್ತಾರೆ, ತಕ್ಕಡಿ ನೋಡುತ್ತಾರೆ, ‘ಹಾಲ್‌ಮಾರ್ಕ್ ಎಲ್ಲೈತಿ ತೋರಿಸ್ರಿ’ ಅಂತಾರೆ. ಮುತ್ತಿನ ಸರದಿ ಬಂದ ಕೂಡಲೇ ಆ ಹುಷಾರಿ ಎಲ್ಲಿ ಹೋಗುತ್ತದೋ! ‘ಹೈದರಾಬಾದ್ ಮಾಲ್ರೀ, ಒರಿಜಿನಲ್’ ಎಂಬ ಒಂದೇ ಮಾತಿಗೆ ಕೈ ಜೇಬಿಗೆ ಹೋಗುತ್ತದೆ.

ಹಾಲ್‌ಮಾರ್ಕ್ ಎಂಬುದು ಬಂಗಾರದ ಶುದ್ಧತೆಗೆ ಹಾಕುವ ಮುದ್ರೆ. 22 ಕ್ಯಾರೆಟ್ಟಿಗೆ 916 ಅಂತ ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತೂ ಇರಬೇಕು. ಆದರೆ ಅದೇ ಓಲೆಯಲ್ಲಿ ಕೂತ ಮುತ್ತಿನ ಬಗ್ಗೆ ಆ ಮುದ್ರೆ ಒಂದಕ್ಷರವನ್ನೂ ಹೇಳುವುದಿಲ್ಲ. ಮುತ್ತು ಸಾಚಾನೋ, ಪ್ಲಾಸ್ಟಿಕ್ಕೋ, ಅದಕ್ಕೆ ಸಾಕ್ಷಿ ಅಂಗಡಿಯವರು ಬರೆದುಕೊಡುವ ಬಿಲ್ಲು ಮಾತ್ರ.

ತಕ್ಕಡಿಯ ಲೆಕ್ಕ

ಮೊದಲು ಮೋಸ ಆಗುವ ಜಾಗ ತಕ್ಕಡಿ. ಎಂಟು ಮಿಲಿಮೀಟರಿನ ನಾಲ್ಕು ಮುತ್ತು ಸೇರಿದರೆ ಹತ್ತಿರಹತ್ತಿರ ಮೂರು ಗ್ರಾಂ ತೂಗುತ್ತವೆ. 12 ಗ್ರಾಮಿನ ಜೋಡಿ ಓಲೆಯಲ್ಲಿ ಇಂಥ ನಾಲ್ಕು ಮುತ್ತು ಇದ್ದರೆ ಬಂಗಾರ ಇರುವುದು ಒಂಬತ್ತೇ ಗ್ರಾಂ. ಪೂರ್ತಿ 12 ಗ್ರಾಮಿಗೆ ಬಂಗಾರದ ರೇಟು ಹಾಕಿದರೆ ಮೂರು ಗ್ರಾಂ ಮುತ್ತನ್ನು ಬಂಗಾರದ ಬೆಲೆಗೆ ಕೊಂಡಂತಾಯಿತು. ಬಂಗಾರದ ತೂಕ ಬೇರೆ, ಮುತ್ತಿನ ತೂಕ ಬೇರೆ, ಮಜೂರಿ ಬೇರೆ ಬರೆಸಿಕೊಳ್ಳಬೇಕು.

ಇದರ ಬಿಸಿ ತಟ್ಟುವುದು ಒಡವೆ ಒತ್ತೆ ಇಡುವ ದಿನ. ಗಂಗಾವತಿ ಕಡೆ ಕಾಲುವೆ ನೀರಿದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾದ ಎರಿ ಹೊಲದವನಿಗೆ ಮಳೆ ಕೈಕೊಟ್ಟ ವರ್ಷ ಹೆಂಡತಿಯ ಒಡವೆಯೇ ಆಧಾರ. ಬ್ಯಾಂಕಿನಲ್ಲಿ ಒಡವೆ ಸಾಲ ಕೊಡುವಾಗ ಹರಳು, ಮುತ್ತಿನ ತೂಕ ಕಳೆದು ಬಂಗಾರವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಮಾರಲು ಹೋದರೂ ಅದೇ ಕತೆ. ಮುತ್ತು ಕೊರಳಿಗೆ ಚೆಂದ, ಕಷ್ಟಕಾಲದ ಗಂಟು ಅಲ್ಲ. ಇದು ತಿಳಿದು ಕೊಂಡರೆ ತಪ್ಪೇನಿಲ್ಲ.

ಸಮುದ್ರ ಇಲ್ಲದ ಊರಿನ ಮುತ್ತು

ಮುತ್ತಿನ ನಂಟು ನಮಗೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿನ ಬಜಾರಿನಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆ ಬಜಾರ್ ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಸಿಗುವ ಹಂಪಿ. ಮುಂದೆ 1948ರವರೆಗೆ ನಾವು ನಿಜಾಮರ ಆಡಳಿತದಲ್ಲಿದ್ದೆವು, 1956ರವರೆಗೂ ಹೈದರಾಬಾದ್ ರಾಜ್ಯದ ಲೆಕ್ಕದಲ್ಲೇ ಇದ್ದೆವು. ಹೀಗಾಗಿ ಮುತ್ತು ಅಂದರೆ ಚಾರ್‌ಮಿನಾರ್ ಎಂಬ ನಂಬಿಕೆ ಮನೆಮನೆಗೂ ಬಂತು.

ಆದರೆ ಹೈದರಾಬಾದಿಗೆ ಸಮುದ್ರವೆಲ್ಲಿದೆ? ಅಲ್ಲಿ ಮುತ್ತು ಬೆಳೆಯುವುದಿಲ್ಲ. ಹೊರಗಿನಿಂದ ಬಂದದ್ದನ್ನು ತೂತು ಕೊರೆದು, ಆರಿಸಿ, ಪೋಣಿಸಿ ಮಾರುತ್ತಾರೆ. ಆ ಕೈಕೆಲಸಕ್ಕೆ ಹೆಸರಾದ ಊರು ಅದು. ‘ಹೈದರಾಬಾದ್ ಮುತ್ತು’ ಎಂಬುದು ಪೇಟೆಯ ಹೆಸರೇ ಹೊರತು ತಳಿಯ ಹೆಸರಲ್ಲ.

ಹಿಂದೆ ಬರುತ್ತಿದ್ದದ್ದು ಪರ್ಷಿಯಾ ಕೊಲ್ಲಿಯ ಬಸರಾ ಮುತ್ತು, ಮುಳುಗುಗಾರರು ಜೀವ ಪಣಕ್ಕಿಟ್ಟು ತೆಗೆದದ್ದು. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಜಪಾನಿನ ಮಿಕಿಮೊಟೊ ಎಂಬಾತ ಸ್ವಾತಿ ಮಳೆಗೆ ಕಾಯಲಿಲ್ಲ. 1893ರಲ್ಲಿ ಚಿಪ್ಪಿನೊಳಗೆ ತಾನೇ ಬೀಜ ಇಟ್ಟು ಅರೆಗುಂಡು ಮುತ್ತು ಬೆಳೆಸಿ ತೋರಿಸಿದ. ಮುಂದೆ ಗುಂಡುಮುತ್ತೂ ಬಂತು. 1930ರ ದಶಕದ ಹೊತ್ತಿಗೆ ಕೊಲ್ಲಿಯ ಮುಳುಗುಗಾರಿಕೆ ಮಲಗಿತು.

ಈಗ ಅಂಗಡಿಗಳಲ್ಲಿ ಸಿಗುವುದು ಬಹುತೇಕ ಸಾಕಿದ ಮುತ್ತು, ಅದರಲ್ಲೂ ಹೆಚ್ಚಿನದು ಚೀನಾದ ಸಿಹಿನೀರಿನ ಕೆರೆಗಳದ್ದು. ಒಂದೇ ಚಿಪ್ಪಿನಲ್ಲಿ ಇಪ್ಪತ್ತು-ಮೂವತ್ತು ಬೆಳೆಯುತ್ತವೆ, ಅದಕ್ಕೇ ಅಗ್ಗ. ಸಾಕಿದ್ದು ಎಂದರೆ ನಕಲಿ ಅಲ್ಲ, ಸಾಚಾ ಮುತ್ತೇ. ನಕಲಿ ಅಂದರೆ ಗಾಜಿಗೆ, ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದದ್ದು. ‘ಶೆಲ್ ಪರ್ಲ್’ ಎಂಬ ಹೆಸರಿಗೂ ಮರುಳಾಗಬೇಡಿ. ಅದು ಚಿಪ್ಪಿನ ಗುಂಡಿಗೆ ಲೇಪ ಕೊಟ್ಟ ಮಾಲು. ಇನ್ನು ಯಾರಾದರೂ ನಾಲ್ಕೈದು ಸಾವಿರಕ್ಕೆ ‘ಅಸಲಿ ಬಸರಾ ಸರ’ ಅಂದರೆ ನಕ್ಕು ಎದ್ದು ಬನ್ನಿ. ಬರೋಡಾ ರಾಜಮನೆತನದ ಹಳೇ ಮುತ್ತುಗಳ ಎರಡೆಳೆ ಸರ 2007ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೇಲೆ ಹೋಯಿತು!

ಪರೀಕ್ಷೆ ಮಾಡೋದು ಹ್ಯಾಂಗ?

ಮುತ್ತನ್ನು ಹಲ್ಲಿನ ತುದಿಗೆ ಮೆಲ್ಲಗೆ ತಿಕ್ಕಿ. ಸಾಚಾ ಇದ್ದರೆ ಸಣ್ಣ ಮರಳಿನಂತೆ ತರಿತರಿ ಅನಿಸುತ್ತದೆ. ನಕಲಿ ಜಾರುತ್ತದೆ. ತೂತಿನ ಬಾಯಿ ನೋಡಿ. ಬಣ್ಣದ ಪದರ ಸುಲಿದಿದ್ದರೆ ನಕಲಿ. ಅಲ್ಲೇ ಬಣ್ಣ ಗಾಢವಾಗಿ ಕೂತಿದ್ದರೆ ಅದು ಅದ್ದಿ ತೆಗೆದ ಬಣ್ಣ. ಇಡೀ ಸರದಲ್ಲಿ ಒಂದೊಂದು ಮುತ್ತೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಸಮ ಇದ್ದು ಬೆಲೆಯೂ ಅಗ್ಗ ಇದ್ದರೆ ಅನುಮಾನ ಪಡಿ.

ಕೆಲವರು ಕಡ್ಡಿ ಗೀರಿ ಮುತ್ತಿಗೆ ಬೆಂಕಿ ಹಿಡಿದು ‘ನೋಡ್ರಿ, ಸುಡಲಿಲ್ಲ’ ಅಂತಾರೆ. ಇದು ಆಟ. ಪ್ಲಾಸ್ಟಿಕ್ ಅಲ್ಲ ಎಂದಷ್ಟೇ ಗೊತ್ತಾಗುತ್ತದೆ. ಗಾಜೂ ಸುಡುವುದಿಲ್ಲವಲ್ಲ! ಸಾಚಾ ಮುತ್ತಿಗೆ ಮಾತ್ರ ಬೆಂಕಿಯಿಂದ ಹಾನಿ. ಇನ್ನು ಸಮುದ್ರದಲ್ಲಿ ತಾನಾಗಿ ಹುಟ್ಟಿದ್ದೋ, ಸಾಕಿದ್ದೋ ಎಂಬುದನ್ನು ಹಲ್ಲೂ ಹೇಳದು, ಬೆಂಕಿಯೂ ಹೇಳದು. ಅದಕ್ಕೆ ಎಕ್ಸ್-ರೇ ಇರುವ ಪ್ರಯೋಗಾಲಯವೇ ಬೇಕು.

ಸರವಾದರೆ ಒಂದೊಂದು ಮುತ್ತಿಗೂ ನಡುವೆ ಗಂಟು ಹಾಕಿದ್ದಾರೋ ನೋಡಿ. ಬಸ್ಸಿನ ನೂಕುನುಗ್ಗಲಲ್ಲಿ ದಾರ ಹರಿದರೆ ಒಂದು ಮುತ್ತು ಹೋದೀತು, ಸರ ಹೋಗದು.

ಮನೆಗೆ ತಂದ ಮೇಲೆ

ಮುತ್ತು ಸುಣ್ಣದ ಜಾತಿ. ಹುಳಿ ತಾಗಿದರೆ ಕರಗುತ್ತದೆ. ಹುಣಸೆ, ನಿಂಬೆ, ಸೀಗೆಕಾಯಿ, ಸೆಂಟು ದೂರ ಇಡಿ. ಶೃಂಗಾರದಲ್ಲಿ ಮುತ್ತು ಕಡೆಗೆ ಹಾಕಬೇಕು, ಮೊದಲು ತೆಗೆಯಬೇಕು. ಬೆವರು ಒರೆಸಿ ಮೆತ್ತನೆ ಅರಿವೆಯಲ್ಲಿ ಸುತ್ತಿಡಿ. ಬಂಗಾರ ತೊಳೆಸಲು ಕೊಡುವಾಗ ‘ಮುತ್ತು ಬಿಚ್ಚಿ ತೊಳೀರಿ’ ಎಂದು ಹೇಳಲು ಮರೆಯಬೇಡಿ.

ವರ್ತಕರಿಗೊಂದು ಮಾತು. ಸಿಹಿನೀರು, ಸಮುದ್ರದ ಸಾಕಿದ್ದು, ನಕಲಿ, ಬಣ್ಣ ಹಾಕಿದ್ದು ಎಂದು ಬಿಲ್ಲಿನಲ್ಲಿ ಖರೆ ಬರೆದರೆ ಗಿರಾಕಿ ಓಡಿಹೋಗುವುದಿಲ್ಲ. ಮಗಳ ಲಗ್ನಕ್ಕೆ ಬಂದವನು ಮೊಮ್ಮಗಳ ಲಗ್ನಕ್ಕೂ ಅದೇ ಅಂಗಡಿ ಹುಡುಕಿಕೊಂಡು ಬರುತ್ತಾನೆ.

ಗಿರಾಕಿಗಳೂ ಅಷ್ಟೇ. ಜಿಎಸ್‌ಟಿ ಉಳಿಸಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆಸಿಕೊಂಡರೆ ನಾಳೆ ತೋರಿಸಲು ಏನಿದೆ? ಮೋಸವಾದರೆ 1915 ನಂಬರಿಗೆ ಫೋನ್ ಮಾಡಿ ದೂರು ಕೊಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಐದು ಲಕ್ಷದವರೆಗಿನ ಖರೀದಿಗೆ ಫೀಸೂ ಇಲ್ಲ. ಆದರೆ ಆಯೋಗ ಮೊದಲು ಕೇಳುವುದು ಬಿಲ್ಲನ್ನೇ!

ಮಾತು ಆಡಿದರೆ ಹೋಯಿತು ಅಂತಾರೆ, ಮುತ್ತು ಒಡೆದರೆ ಹೋಯಿತು ಅಂತಾರೆ. ಎರಡೂ ಹೋಗುವ ಮೊದಲು ಅಂಗಡಿಯ ಮಾತನ್ನು ಕಾಗದದ ಮೇಲೆ ಇಳಿಸಿಕೊಳ್ಳಿ.