ಮೋಟಾರು ಗಾಡಿಯ ಪಾರ್ಶ್ವಗತಿಯ ಕಾರಣವಿಚಾರ

ನೇರವಾದ ದಾರಿಯಲ್ಲಿಯೂ ಮೋಟಾರು ಗಾಡಿಯು ತನ್ನಷ್ಟಕ್ಕೆ ಒಂದು ಪಕ್ಕಕ್ಕೆ ಸರಿಯುವುದುಂಟು. ಹುಕ್ಕೇರಿ, ಗೋಕಾಕ, ಮೂಡಲಗಿಗಳ ದಾರಿಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಎದುರಾದಾಗ ಇದು ಪ್ರಾಣಕ್ಕೇ ಸಂಚಕಾರವಾದೀತು. ಆದುದರಿಂದ ಇದರ ಕಾರಣವನ್ನು ಅನ್ವಯವ್ಯತಿರೇಕಗಳಿಂದ ನಿರ್ಣಯಿಸತಕ್ಕದ್ದು.

ಮೊದಲನೆಯದು ದಾರಿಯ ವಿಚಾರ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ತಗ್ಗಿಸಿರುವರು. ಭಾರತದಲ್ಲಿ ಗಾಡಿಗಳು ಎಡಬದಿಯಲ್ಲಿ ನಡೆಯುವುದರಿಂದ ದೋಷವಿಲ್ಲದ ಗಾಡಿಯೂ ಎಡಕ್ಕೆ ಅಲ್ಪವಾಗಿ ಜಾರುವುದು ಸಹಜ. ಗೋಕಾಕದಿಂದ ಮೂಡಲಗಿಗೆ ಹೋಗುವಾಗಲೂ ಮರಳುವಾಗಲೂ ಎಡದ ಇಳಿಜಾರೇ ದೊರೆಯುವುದರಿಂದ, ಎರಡು ಸಲವೂ ಎಡಕ್ಕೆ ಸರಿಯಿತೆಂಬ ಮಾತ್ರಕ್ಕೆ ಗಾಡಿಯಲ್ಲಿ ದೋಷವನ್ನು ಆರೋಪಿಸಲಾಗದು, ಸಮತಲದಲ್ಲಿ ಪರೀಕ್ಷಿಸಬೇಕು. ಇಳಿಜಾರಿಗೆ ವಿರುದ್ಧವಾಗಿ ಬಲಕ್ಕೆ ಎಳೆದರೆ ಸಂಶಯವು ಗಾಡಿಯ ಮೇಲೆಯೇ ನಿಲ್ಲುವುದು.

ಬಳಿಕ, ಟೈರುಗಳು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಅಳೆಯಬೇಕು. ಗಾಳಿ ಕಡಮೆಯಾದ ಕಡೆಗೆ ಗಾಡಿಯು ಎಳೆಯುವುದು. ಒತ್ತಡವು ಸಮವಾಗಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಬೇಕು. ಒಂದೇ ದಿಕ್ಕಿಗೆ ತಿರುಗಲೆಂದು ಗುರುತಿರುವ ಟೈರುಗಳಿಗೆ ಮಾತ್ರ ಈ ಕ್ರಮ ಸಲ್ಲದು. ಎಳೆತವೂ ಪಕ್ಕವನ್ನು ಬದಲಿಸಿದರೆ ಟೈರೇ ಕಾರಣ. ಬದಲಿಸದಿದ್ದರೆ, ಓಟದ ಬಳಿಕ ಚಕ್ರಗಳ ಸಮೀಪಕ್ಕೆ ಕೈಯೊಡ್ಡಿ ನೋಡಬೇಕು. ಎಳೆಯುವ ಕಡೆಯ ಚಕ್ರವೊಂದೇ ಅತಿಯಾಗಿ ಕಾದಿದ್ದರೆ ಅಲ್ಲಿಯ ಬ್ರೇಕು ಬಿಡದೆ ಹಿಡಿದಿದೆಯೆಂದು ಊಹಿಸಬಹುದು. ಬ್ರೇಕು ಒತ್ತಿದಾಗ ಮಾತ್ರ ಎಳೆದರೆ, ಎದುರು ಪಕ್ಕದ ಬ್ರೇಕಿನ ದೌರ್ಬಲ್ಯವನ್ನೂ ಶಂಕಿಸಬೇಕು. ಇವಾವುವೂ ಇಲ್ಲದಿದ್ದರೆ ಚಕ್ರಗಳ ಅಲೈನ್‌ಮೆಂಟನ್ನು ಯಂತ್ರದಿಂದ ಅಳೆಯಿಸತಕ್ಕದ್ದು.

ಹೀಗೆ ಒಂದೊಂದನ್ನೇ ಬದಲಿಸಿ ನೋಡಿದಲ್ಲದೆ ಕಾರಣವು ನಿಶ್ಚಯವಾಗದು. ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ದೋಷವು ನೀಗಿದರೂ ಜ್ಞಾನವು ದೊರೆಯದು.