ಅಳಿಸಿದ ಫೋಟೊ ಎಲ್ಲಿಗೆ ಹೋಗುತ್ತದೆ?

ಫೋನಿನಲ್ಲಿ 'ಸ್ಟೋರೇಜ್ ಫುಲ್' ಎಂಬ ಸೂಚನೆ ಬಂದರೆ ಸಾಕು, ನಾವು ಮೊದಲು ಕೈಹಾಕುವುದು ಗ್ಯಾಲರಿಗೆ. ಸಾಲುಸಾಲಾಗಿ ಟಿಕ್ ಮಾಡಿ ಡಿಲೀಟ್ ಒತ್ತುತ್ತೇವೆ. 'ಗೂಗಲ್ ಫೋಟೋಸ್‌ನಲ್ಲಿ ಹೇಗೂ ಇರುತ್ತದಲ್ಲ' ಎಂಬ ಧೈರ್ಯ. ಮನೆಮಂದಿಯ ಎಷ್ಟೋ ವರ್ಷಗಳ ನೆನಪು ಕೈತಪ್ಪಿಹೋಗಲು ಈ ಧೈರ್ಯವೊಂದೇ ಸಾಕು.

ಗೂಗಲ್ ಫೋಟೋಸ್ ಆಗಲಿ, ಆಪಲ್‌ನ ಐಕ್ಲೌಡ್ ಆಗಲಿ, ಮುಖ್ಯವಾಗಿ ಮಾಡುವ ಕೆಲಸ ಸಿಂಕ್. ಹೊಸ ಫೋಟೊ ತೆಗೆದರೆ ಅಲ್ಲಿಗೂ ಹೋಗುತ್ತದೆ; ಫೋನಿನಲ್ಲಿ ಅವುಗಳ ಆ್ಯಪ್ ತೆರೆದು ಅಳಿಸಿದರೆ ಅಲ್ಲೂ ಅಳಿಯುತ್ತದೆ. ಬ್ಯಾಕಪ್ ಆದ ಫೋಟೊ ಗೂಗಲ್‌ನ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಐಫೋನಿನ 'ರೀಸೆಂಟ್ಲಿ ಡಿಲೀಟೆಡ್' ಆಲ್ಬಮ್ಮಿನಲ್ಲಿ 30 ದಿನ. ಆಮೇಲೆ ಇಲ್ಲ. ಫೋನಿನಲ್ಲಿ ಜಾಗವೂ ಆಗಬೇಕು, ಕ್ಲೌಡ್‌ನಲ್ಲಿ ಫೋಟೊವೂ ಉಳಿಯಬೇಕು ಎನ್ನುವವರಿಗೆ ಗೂಗಲ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಎಂಬ ಬೇರೆಯೇ ಆಯ್ಕೆ ಇದೆ. ಅದನ್ನು ಒತ್ತುವ ಮೊದಲು ಸೆಟ್ಟಿಂಗ್ಸ್ ನೋಡಿ. ಅಲ್ಲಿ 'ಸ್ಟೋರೇಜ್ ಸೇವರ್' ಎಂದಿದ್ದರೆ ಮೇಲೆ ಹೋಗಿರುವುದು ಕುಗ್ಗಿಸಿದ ಪ್ರತಿ. ಫೋನಿನಲ್ಲಿದ್ದ ಮೂಲ ಅಳಿದ ಮೇಲೆ ಅದು ಮತ್ತೆಲ್ಲೂ ಸಿಗದು. ಮಿತಿಯಿಲ್ಲದ ಉಚಿತ ಜಾಗವಂತೂ 2021ರ ಜೂನ್ 1ಕ್ಕೇ ಮುಗಿಯಿತು. ಈಗಿರುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೊ ಎಲ್ಲವೂ ಹಿಡಿಸಬೇಕು.

ಹಾಗಾದರೆ ಅಳಿಸುವುದೆಂದರೆ ನಿಜಕ್ಕೂ ಏನು? ಕ್ಯಾಮೆರಾದ ಮೆಮೊರಿ ಕಾರ್ಡನ್ನೇ ತೆಗೆದುಕೊಳ್ಳಿ. ಫ್ಯಾಟ್ ಎಂಬ ಹಳೆಯ ಫೈಲ್ ವ್ಯವಸ್ಥೆಯಿರುವ ಕಾರ್ಡಿನಲ್ಲಿ ಡಿಲೀಟ್ ಒತ್ತಿದಾಗ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತದೆ, 'ಈ ಜಾಗ ಖಾಲಿ' ಎಂದು ಪಟ್ಟಿಯಲ್ಲಿ ದಾಖಲಾಗುತ್ತದೆ. ಅಷ್ಟೆ. ಚಿತ್ರದ ಬಿಟ್‌ಗಳು ಇದ್ದಲ್ಲೇ ಇರುತ್ತವೆ. ಅದರ ಮೇಲೆ ಇನ್ನೊಂದು ಫೋಟೊ ಕೂತಾಗಲೇ ಹಳೆಯದು ಹೋಗುವುದು. ಪ್ರತಿ ಜೆಪೆಗ್ ಫೈಲೂ ಎಫ್‌ಎಫ್, ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಪಟ್ಟಿಯನ್ನು ನಂಬದೆ, ಕಾರ್ಡಿನ ಉದ್ದಕ್ಕೂ ಇಂಥ ಆರಂಭದ ಗುರುತುಗಳನ್ನು ಹುಡುಕುತ್ತಾ ಹೋಗಿ ಚಿತ್ರಗಳನ್ನು ಎತ್ತಿಕೊಡುತ್ತದೆ. ಮದುವೆಮನೆಯಲ್ಲಿ ಕಾರ್ಡಿನ ಫೋಟೊ ತಪ್ಪಿ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೊಂದು ಕ್ಲಿಕ್ಕನ್ನೂ ಮಾಡಬಾರದು, ಕೂಡಲೇ ತೆಗೆದಿಡಬೇಕು ಎನ್ನುವುದು ಇದಕ್ಕೇ.

ಇಂದಿನ ಫೋನುಗಳಲ್ಲಿ ಈ ಆಸೆ ಇಟ್ಟುಕೊಳ್ಳುವಂತಿಲ್ಲ. ಅವುಗಳ ಒಳ ಮೆಮೊರಿಯಲ್ಲಿ ಫೈಲುಗಳು ಗೂಢಲಿಪಿಯಲ್ಲಿರುತ್ತವೆ. ಫೈಲು ಅಳಿದಾಗ ಅದನ್ನು ಬಿಡಿಸುವ ಮಾಹಿತಿಯೂ ಅಳಿಯುತ್ತದೆ. ಜೊತೆಗೆ 'ಟ್ರಿಮ್' ಎಂಬ ಆದೇಶ ಹೋಗಿ ಫ್ಲ್ಯಾಶ್ ಚಿಪ್ಪು ಆ ಜಾಗವನ್ನು ಸ್ವಚ್ಛಗೊಳಿಸುತ್ತದೆ. ಟ್ರ್ಯಾಶ್ ಖಾಲಿಯಾದ ಮೇಲೂ ಫೋಟೊ ವಾಪಸ್ ತರುತ್ತೇವೆಂದು ದುಡ್ಡು ಕೇಳುವ ಆ್ಯಪ್‌ಗಳನ್ನು ನಂಬಬೇಡಿ.

ಅಳಿಸಲೇಬೇಕಾದದ್ದು ಬೇಕಾದಷ್ಟಿರುತ್ತದೆ. ಒಂದೇ ಗೃಹಪ್ರವೇಶದ ಫೋಟೊ ನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳಿಂದ ಬಂದು ಕೂತಿರುತ್ತದೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕು? ಇದಕ್ಕೆ ಉತ್ತರ ಜೆಪೆಗ್‌ನ ಒಳಗಿದೆ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದ 'ಡಿಸಿಟಿ' ಎಂಬ ಗಣಿತವೇ ಅದರ ಬೆನ್ನೆಲುಬು. ಚಿತ್ರವನ್ನು 8x8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಕೈಬಿಡಲು ಇದರಿಂದ ಸಾಧ್ಯವಾಗುತ್ತದೆ. ಹೀಗೆ ಕೈಬಿಟ್ಟದ್ದು ಮರಳಿ ಬಾರದು. ವಾಟ್ಸ್‌ಆ್ಯಪ್ ಫೋಟೊವನ್ನು ಇನ್ನೊಮ್ಮೆ ಕುಗ್ಗಿಸುವುದಷ್ಟೇ ಅಲ್ಲ, ತೆಗೆದ ದಿನಾಂಕ ಮತ್ತು ಸ್ಥಳದ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಹೆಸರಿನಲ್ಲಿ 'ಡಬ್ಲ್ಯೂಎ' ಎಂದಿರುವ ಫೈಲಿನ ತಾರೀಕು ಅದು ವಾಟ್ಸ್‌ಆ್ಯಪ್‌ಗೆ ಬಂದ ದಿನದ್ದು. ಆದ್ದರಿಂದ ಕ್ಯಾಮೆರಾದಿಂದ ನೇರ ಬಂದ ದೊಡ್ಡ ಫೈಲನ್ನು ಇಟ್ಟುಕೊಂಡು ಉಳಿದವನ್ನು ನಿಶ್ಚಿಂತೆಯಿಂದ ಅಳಿಸಬಹುದು. ನೆಂಟರಿಂದ ತರಿಸಿಕೊಳ್ಳುವಾಗಲೂ 'ಡಾಕ್ಯುಮೆಂಟ್ ಆಗಿ ಕಳಿಸಿ' ಎಂದು ಕೇಳಿ. ಆಗ ಮೂಲ ಫೈಲೇ ಬರುತ್ತದೆ.

ಉಳಿಸಿಕೊಂಡದ್ದಕ್ಕೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ '3-2-1' ಸೂತ್ರವೇ ಇಂದಿಗೂ ಸರಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ. ಫೋನು, ಹಾರ್ಡ್ ಡಿಸ್ಕ್, ಕ್ಲೌಡ್ ಎಂದಿಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಆದರೆ ಡಿಸ್ಕಿಗೆ ಹಾಕಿ ಮರೆತರೆ ಸಾಲದು. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಒಂದು ತಪ್ಪು ಆದೇಶದಿಂದ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲ! ಬಾಣಂತಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದುದರಿಂದ ಚಿತ್ರ ಉಳಿಯಿತು.

ನಿಮ್ಮ ಬೀರುವಿನಲ್ಲಿರುವ ಹಾರ್ಡ್ ಡಿಸ್ಕನ್ನು ಈ ಭಾನುವಾರ ಕಂಪ್ಯೂಟರಿಗೆ ಜೋಡಿಸಿ, ಅಲ್ಲೊಂದು ಇಲ್ಲೊಂದು ಫೋಟೊ ತೆರೆದು ನೋಡಿ. ಎಲ್ಲವೂ ತೆರೆದುಕೊಂಡವು ಎಂದು ಖಾತ್ರಿಯಾದ ಮೇಲೆಯೇ ಫೋನಿನಲ್ಲಿ ಡಿಲೀಟ್ ಒತ್ತಿ.